ನೆಲದ ಮೇಲೆ ಸಂದ ನೌಕಾಪದಕ: ವಿಲಿಯಂ ಹಾಲನ ವಿಕ್ಟೋರಿಯಾ ಕ್ರಾಸ್

ಯುದ್ಧಪದಕಗಳು ಮುಖ್ಯವಾಗಿ ಎರಡು ಬಗೆಯವು. ದಂಡಯಾತ್ರೆಯಲ್ಲಿ ಸೇವೆ ಸಲ್ಲಿಸಿದವರಿಗೆಲ್ಲ ಸಾಮಾನ್ಯವಾಗಿ ಸಲ್ಲುವುದು ಒಂದು. ಗೊತ್ತಾದ ಒಂದು ಕಾರ್ಯದಲ್ಲಿ ತೋರಿದ ಪರಾಕ್ರಮಕ್ಕಾಗಿ ವ್ಯಕ್ತಿಗೆ ಸಲ್ಲುವುದು ಮತ್ತೊಂದು. ನಾವಿಕನೊಬ್ಬನು ನೆಲದ ಮೇಲೆ ಹೋರಾಡಿ ಎರಡನೆಯ ಬಗೆಯ ಪದಕವನ್ನು ಪಡೆದರೆ, ಆ ಗೌರವವು ಭೂಸೈನ್ಯಕ್ಕೆ ಸೇರತಕ್ಕುದೋ ನೌಕಾಸೈನ್ಯಕ್ಕೆ ಸೇರತಕ್ಕುದೋ ಎಂಬ ಪ್ರಶ್ನೆ ಏಳುತ್ತದೆ. ವಿಲಿಯಂ ಹಾಲನ ವೃತ್ತಾಂತವು ಇದಕ್ಕೆ ಸ್ಪಷ್ಟವಾದ ಉತ್ತರವನ್ನೀಯುತ್ತದೆ.

ಹಾಲನು ಈಗ ಕೆನಡಾಕ್ಕೆ ಸೇರಿರುವ ನೋವಾ ಸ್ಕೋಷಿಯಾ ಪ್ರಾಂತದ ಹಾರ್ಟನ್ನಿನಲ್ಲಿ ಜನಿಸಿದವನು. ಅವನ ತಂದೆತಾಯಿಗಳು ಆಫ್ರಿಕಮೂಲದವರು. 1812ರಲ್ಲಿ ಮೊದಲಾದ ಯುದ್ಧದ ಕಾಲದಲ್ಲಿ ಅಮೆರಿಕದ ದಾಸ್ಯದಿಂದ ಪಾರಾಗಿ ಅಲ್ಲಿಗೆ ಬಂದವರು. ಹಾಲನು 1852ರಲ್ಲಿ ಬ್ರಿಟಿಷ್ ನೌಕಾಸೈನ್ಯವನ್ನು ಸೇರಿ, ಕ್ರಿಮಿಯಾ ಯುದ್ಧದಲ್ಲಿ ದಡಕ್ಕಿಳಿದ ನೌಕಾದಳದೊಡನೆ ಕಾದಿದನು. ಅನಂತರ ಕ್ಯಾಪ್ಟನ್ ವಿಲಿಯಂ ಪೀಲನ ಅಧೀನದಲ್ಲಿದ್ದ 'ಷಾನನ್' ಹಡಗಿಗೆ ಸೇರಿದನು.

1857ರಲ್ಲಿ ಭಾರತದಲ್ಲಿ ದಂಗೆಯೆದ್ದ ಸುದ್ದಿ ಮುಟ್ಟಲು, ಚೀನಕ್ಕೆ ಹೋಗಿದ್ದ ಈ ಹಡಗನ್ನು ಕಲ್ಕತ್ತೆಗೆ ತಿರುಗಿಸಲಾಯಿತು. ಪೀಲನು ಹಡಗಿನ ಭಾರವಾದ ಫಿರಂಗಿಗಳನ್ನು ಇಳಿಸಿಕೊಂಡು, ನಾವಿಕರೊಡನೆ ಗಂಗೆಯ ಮಾರ್ಗವಾಗಿ ಅಲಹಾಬಾದಿಗೂ ಅಲ್ಲಿಂದ ಲಕ್ನೋವಿನ ಕಡೆಗೂ ನಡೆದನು. ನವಂಬರು 16ನೆಯ ತಾರೀಖು ಷಾ ನಜಫಿನ ಮೇಲೆ ದಾಳಿ ನಡೆಯಿತು. ಇದು ಅವಧದ ಮೊದಲನೆಯ ದೊರೆ ಗಾಜಿಉದ್ದೀನ್ ಹೈದರನ ಸಮಾಧಿಮಂದಿರ. ಬ್ರಿಟಿಷರ ವಿರುದ್ಧ ಎದ್ದವರು ಅದರ ಬಲವಾದ ಗೋಡೆಗಳ ಮರೆಯಿಂದ ಎಡೆಬಿಡದೆ ಗುಂಡು ಹಾರಿಸುತ್ತಿದ್ದರು. ಬಾಯಿಯ ಕಡೆಯಿಂದ ತುಂಬತಕ್ಕ ಫಿರಂಗಿಯು ಪ್ರತಿಸಲ ಹಾರಿದಾಗಲೂ ಹಿಂದಕ್ಕೆ ಸರಿಯುತ್ತಿತ್ತು. ಮದ್ದುಗುಂಡು ತುಂಬಿ ಮತ್ತೆ ಮುಂದಕ್ಕೆ ನೂಕಬೇಕಾಗಿತ್ತು. ಹಲವರು ಕೂಡಿ ಮಾಡತಕ್ಕ ಈ ಕೆಲಸವನ್ನು, ಜೊತೆಯವರು ಬಿದ್ದ ಮೇಲೂ, ಲೆಫ್ಟಿನೆಂಟ್ ಥಾಮಸ್ ಯಂಗನೂ ಹಾಲನೂ ಬಿಡದೆ ನಡೆಸಿದರು.

ಪೀಲನು ಇಬ್ಬರಿಗೂ ವಿಕ್ಟೋರಿಯಾ ಕ್ರಾಸಿಗಾಗಿ ಶಿಫಾರಸು ಮಾಡಿದನು. ಆದರೆ 1858ರ ಏಪ್ರಿಲಿನಲ್ಲಿ ಕಾನಪುರದಲ್ಲಿ ಸಿಡುಬಿನಿಂದ ಮೃತನಾದುದರಿಂದ ಅದರ ಫಲವನ್ನು ಕಾಣಲಿಲ್ಲ. ಪ್ರಶಸ್ತಿಯು 1859ರ ಫೆಬ್ರವರಿ 1ರ ಗೆಜೆಟ್ಟಿನಲ್ಲಿ ಪ್ರಕಟವಾಯಿತು. ಅದರಲ್ಲಿ ಹಾಲನ ಹುದ್ದೆಯನ್ನು ಮುಂಗೂವೆಯ ಮೇಲ್ಗಟ್ಟೆಯ ನಾವಿಕರ ಮುಖಂಡನೆಂದು ನಮೂದಿಸಿದೆ. ಕೃತ್ಯವು ನಡೆದುದು ಕಡಲಿನಿಂದ ನೂರಾರು ಮೈಲಿ ಒಳನಾಡಿನಲ್ಲಿ. ಹುದ್ದೆಯು ಮಾತ್ರ ಹಡಗಿನದೇ. 1856ರಲ್ಲಿ ಸ್ಥಾಪಿತವಾದ ಈ ಪದಕವು ಎರಡು ಸೈನ್ಯಗಳಿಗೂ ಒಂದೇ ಆಗಿದ್ದರೂ, ಭೂಸೈನ್ಯದವರಿಗೆ ಕೆಂಪು ಪಟ್ಟಿಯೂ ನೌಕಾಸೈನ್ಯದವರಿಗೆ ನೀಲಿ ಪಟ್ಟಿಯೂ ಸಲ್ಲುತ್ತಿದ್ದುವು. ಈ ಭೇದವು 1918ರವರೆಗೂ ಉಳಿದಿತ್ತು. ಹಾಲನಿಗೆ ಸಂದುದು ನೀಲಿ ಪಟ್ಟಿ. 1859ರ ಅಕ್ಟೋಬರು 28ರಂದು ಐರ್ಲೆಂಡಿನ ಕ್ವೀನ್ಸ್‌ಟೌನ್ ಬಂದರಿನಲ್ಲಿ, 'ಡೊನೆಗಲ್' ಹಡಗಿನ ಮೇಲೆ, ಅದನ್ನು ಅವನಿಗೆ ತೊಡಿಸಲಾಯಿತು. ಆದುದರಿಂದ ಪದಕದ ಲೆಕ್ಕವು ಸೇವೆಯನ್ನನುಸರಿಸುವುದೇ ಹೊರತು ಸ್ಥಳವನ್ನಲ್ಲವೆಂಬುದು ಸಿದ್ಧವಾಗುತ್ತದೆ.

ವಿಕ್ಟೋರಿಯಾ ಕ್ರಾಸನ್ನು ಪಡೆದ ಕರಿಯರಲ್ಲಿ ಹಾಲನೇ ಮೊದಲಿಗನು. 1876ರಲ್ಲಿ ನಿವೃತ್ತನಾಗಿ, ಹುಟ್ಟೂರಿನ ಸೀಮೆಯಲ್ಲಿ ಬೇಸಾಯದಿಂದ ಜೀವಿಸಿ, 1904ರಲ್ಲಿ ತೀರಿಕೊಂಡನು. ಅವನ ಸಮಾಧಿಗೆ ಗುರುತಿನ ಕಲ್ಲೂ ಇರಲಿಲ್ಲ. 1945ರಲ್ಲಿ ಅವಶೇಷಗಳನ್ನು ಹ್ಯಾಂಟ್ಸ್‌ಪೋರ್ಟಿಗೆ ಸಾಗಿಸಿದರು. 1947ರಲ್ಲಿ ಅಲ್ಲಿ ಸ್ಮಾರಕವಾಯಿತು. ಪದಕವು 1967ರಲ್ಲಿ ನೋವಾ ಸ್ಕೋಷಿಯಾಕ್ಕೆ ಮರಳಿತು.

ದಾಸ್ಯದಿಂದ ಪಾರಾದವರ ಮಗನು, ಪರರ ಆಳಿಕೆಯನ್ನು ಕಳಚಲೆಂದು ಎದ್ದವರ ಮೇಲೆ ಫಿರಂಗಿ ಹಾರಿಸಿದನೆಂಬುದೂ ಇದೇ ವೃತ್ತಾಂತದ ಭಾಗ. ಗೋಡೆಯ ಒಳಗಿದ್ದವರ ಧೈರ್ಯಕ್ಕೆ ಯಾವ ಗೆಜೆಟ್ಟೂ ಇರಲಿಲ್ಲ. ಷಾ ನಜಫಿನ ಕದನವನ್ನು ಪದಕಗಳಿಂದ ಅರಿಯಲೆಳಸುವವರು ಈ ಕೊರತೆಯನ್ನೂ ಗಮನದಲ್ಲಿಡುವುದು ಅವಶ್ಯಕ.