ಆನ್‌ಲೈನ್ ಪಾವತಿ: ಶುಲ್ಕ ಎಲ್ಲಿದೆ, ಎಲ್ಲಿಲ್ಲ?



ಆಸ್ಪತ್ರೆಗೆ ಬಂದವರ ಕಾಲು ಬಿಲ್ ಕೌಂಟರಿನ ಮುಂದಿದ್ದರೂ ಮನಸ್ಸು ರೋಗಿಯ ಹಾಸಿಗೆಯ ಬಳಿಯೇ ಇರುತ್ತದೆ. ಅಂಥ ಹೊತ್ತಿನಲ್ಲಿ ಮೊಬೈಲಿನಲ್ಲಿ ಬಂದದ್ದನ್ನು ಓದದೆ ಒತ್ತಿಬಿಡುವುದು ಸಹಜ. ಪಾಳ್ಯ, ಆಲೂರು, ಸಕಲೇಶಪುರ ಸುತ್ತಿನ ಊರುಗಳಿಂದ ಬರುವವರಲ್ಲಿ ಹಲವರು ಕಾಫಿ ತೋಟದ ಕೂಲಿಯಿಂದಲೋ ಗದ್ದೆಯ ದುಡಿಮೆಯಿಂದಲೋ ಉಳಿಸಿದ ಹಣವನ್ನು ಚಿಕಿತ್ಸೆಗೆ ತರುತ್ತಾರೆ. ಕಾಯಕದಿಂದ ಬಂದ ಆ ಹಣ ಔಷಧಕ್ಕೆ ಸಲ್ಲಬೇಕು. ತಿಳಿಯದೆ ಕೊಡುವ ಕಮಿಷನ್ನಿಗೆ ಹೋಗಬಾರದು. ಆದ್ದರಿಂದ ಈ ನಾಲ್ಕು ಮಾತು.

ಮೊದಲು ಒಂದು ಸೂತ್ರವನ್ನು ನೆನಪಿಡಿ. ನಿಮ್ಮ ಬ್ಯಾಂಕ್ ಖಾತೆಯಿಂದ ಆಸ್ಪತ್ರೆಯ ಖಾತೆಗೆ ಯುಪಿಐ ಮೂಲಕ ನೇರವಾಗಿ ಹೋಗುವ ಹಣಕ್ಕೆ ಶುಲ್ಕವಿಲ್ಲ. ಹೆಚ್ಚಿನ ಶುಲ್ಕಗಳು ಹುಟ್ಟುವುದು ನಡುವೆ ಮತ್ತೊಬ್ಬರು ಬಂದಾಗ.

ಯುಪಿಐ ಪಾವತಿ

ಫೋನ್‌ ಪೇ, ಗೂಗಲ್ ಪೇ, ಭೀಮ್ ಮುಂತಾದ ಆ್ಯಪ್‌ಗಳೆಲ್ಲ 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲೇ ಕೆಲಸ ಮಾಡುತ್ತವೆ. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ಪಾವತಿಗೆ ಅಂಗಡಿಯವರಿಂದ ಪಡೆಯುತ್ತಿದ್ದ ಶುಲ್ಕವನ್ನು ಕೇಂದ್ರ ಸರ್ಕಾರ 2020ರ ಜನವರಿ 1ರಿಂದ ತೆಗೆದುಹಾಕಿತು. ಎರಡು ಸಾವಿರ ರೂಪಾಯಿ ಮೀರಿದ ಯುಪಿಐ ಪಾವತಿಗೆ ಜಿಎಸ್‌ಟಿ ಬೀಳುತ್ತದೆ ಎಂಬ ಸುದ್ದಿ 2025ರ ಏಪ್ರಿಲ್‌ನಲ್ಲಿ ಹಬ್ಬಿದಾಗ, ಅದು ಸುಳ್ಳೆಂದು ಹಣಕಾಸು ಸಚಿವಾಲಯವೇ ತಿಳಿಸಿತು. ಆದುದರಿಂದ "ಫೋನಿನಲ್ಲಿ ಕಟ್ಟಿದರೆ ತೆರಿಗೆ ಹಿಡಿಯುತ್ತಾರಂತೆ" ಎಂದು ಹೆದರಬೇಡಿ.

ಯುಪಿಐನಲ್ಲಿ ದಿನಕ್ಕೆ ಸಾಮಾನ್ಯವಾಗಿ ಒಂದು ಲಕ್ಷ ರೂಪಾಯಿ ಮಿತಿ ಇದೆ. ಆಸ್ಪತ್ರೆ ಮತ್ತು ಶಿಕ್ಷಣ ಸಂಸ್ಥೆಗಳಿಗೆ ಕಟ್ಟುವ ಹಣದ ಮಿತಿಯನ್ನು ಐದು ಲಕ್ಷಕ್ಕೆ ಏರಿಸುವುದಾಗಿ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ನಿಮ್ಮ ಬ್ಯಾಂಕ್ ಇದಕ್ಕಿಂತ ಕಡಿಮೆ ಮಿತಿ ಇಟ್ಟಿರಬಹುದು. ದೊಡ್ಡ ಬಿಲ್ ಇದ್ದರೆ ಮುಂಚೆಯೇ ವಿಚಾರಿಸಿಕೊಳ್ಳಿ.

ಆ್ಯಪ್‌ನ ಸೇವಾ ಶುಲ್ಕ

ಮೊಬೈಲ್ ರೀಚಾರ್ಜ್, ಬಸ್ ಟಿಕೆಟ್, ಕರೆಂಟ್ ಬಿಲ್ ಇಂಥವನ್ನು ಕಟ್ಟುವಾಗ ಕೆಲವು ಆ್ಯಪ್‌ಗಳು "ಪ್ಲಾಟ್‌ಫಾರ್ಮ್ ಫೀ" ಅಥವಾ "ಕನ್ವೀನಿಯನ್ಸ್ ಫೀ" ಎಂದು ಸ್ವಲ್ಪ ಹಣ ಸೇರಿಸುತ್ತವೆ. ಇದು ಸರ್ಕಾರದ ತೆರಿಗೆಯಲ್ಲ, ಆ ಕಂಪನಿ ತನ್ನ ಸೇವೆಗೆ ಪಡೆಯುವ ಹಣ. ಪಿನ್ ಒತ್ತುವ ಮುನ್ನ ಕೊನೆಯ ಪರದೆಯಲ್ಲಿ ಒಟ್ಟು ಮೊತ್ತ ಕಾಣುತ್ತದೆ. ಬಿಲ್ಲಿನ ಮೊತ್ತಕ್ಕೂ ಅದಕ್ಕೂ ವ್ಯತ್ಯಾಸ ಕಂಡರೆ ಅಲ್ಲೇ ನಿಲ್ಲಿಸಿ, ಕೇಳಿ.

ಕ್ರೆಡಿಟ್ ಕಾರ್ಡ್

ಕ್ರೆಡಿಟ್ ಕಾರ್ಡ್ ಎಂದರೆ ಸಾಲ. ಕೆಲವು ಕಡೆ ಕಾರ್ಡ್ ಉಜ್ಜಿದರೆ ಬಿಲ್ಲಿನ ಮೇಲೆ ಶೇಕಡಾ ಇಷ್ಟು ಎಂದು ಸೇರಿಸುತ್ತಾರೆ. ಉದಾಹರಣೆಗೆ, 20,000 ರೂಪಾಯಿಗೆ ಶೇಕಡಾ 2 ಎಂದರೆ 400 ರೂಪಾಯಿ. ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ ಹಾಕಿದರೆ 72 ರೂಪಾಯಿ. ಒಟ್ಟು 472 ರೂಪಾಯಿ ಹೆಚ್ಚಾಯಿತು. ಖಾತೆಯಲ್ಲಿ ಹಣವಿದ್ದರೆ ಯುಪಿಐ ಮೂಲಕವೇ ಕಟ್ಟಿ, ಅಷ್ಟು ಉಳಿಯುತ್ತದೆ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಲೇಬೇಡಿ. ಅದಕ್ಕೆ ಶುಲ್ಕವೂ ಉಂಟು, ತೆಗೆದ ದಿನದಿಂದಲೇ ಬಡ್ಡಿಯೂ ಉಂಟು.

ಅಂಗಡಿಯಲ್ಲಿ ನಗದು ಮಾಡಿಸುವುದು

ನಮ್ಮ ಕಡೆ ಹೆಚ್ಚು ಹಣ ಸೋರುವುದು ಇಲ್ಲಿ. ಮಗ ಬೆಂಗಳೂರಿನಿಂದ ಹಣ ಹಾಕುತ್ತಾನೆ. ತಂದೆ ಆ ಹಣವನ್ನು ಅಂಗಡಿಯವರ ಫೋನಿಗೆ ಕಳಿಸಿ, ಅವರಿಂದ ನಗದು ಪಡೆದು ಆಸ್ಪತ್ರೆಗೆ ತರುತ್ತಾರೆ. ಅಂಗಡಿಯವರು ಸಾವಿರಕ್ಕೆ ಇಪ್ಪತ್ತು ರೂಪಾಯಿ ಹಿಡಿದುಕೊಂಡರೆ 20,000 ರೂಪಾಯಿಗೆ 400 ರೂಪಾಯಿ ಹೋಯಿತು. ನಗದು ಒದಗಿಸಿದ ಅಂಗಡಿಯವರನ್ನು ದೂರುತ್ತಿಲ್ಲ, ಆದರೆ ಈ ಸುತ್ತು ಹಾದಿಯೇ ಬೇಕಾಗಿರಲಿಲ್ಲ. ಕೌಂಟರಿನಲ್ಲಿ ಆಸ್ಪತ್ರೆಯ ಖಾತೆಯ ವಿವರವನ್ನು ಬರೆಸಿಕೊಂಡು ಮಗನಿಗೆ ತಿಳಿಸಿ. ಅವನು ಕುಳಿತಲ್ಲಿಂದಲೇ ನೇರವಾಗಿ ಕಟ್ಟಬಹುದು. ಕಟ್ಟುವಾಗ ಪರದೆಯಲ್ಲಿ ಬರುವ ಹೆಸರನ್ನು ನೋಡಿಕೊಳ್ಳಲಿ, ರೋಗಿಯ ನೋಂದಣಿ ಸಂಖ್ಯೆಯನ್ನೂ ಬರೆಯಲಿ.

ಉಳಿತಾಯ ಖಾತೆಯಿಂದ ಆನ್‌ಲೈನ್‌ನಲ್ಲಿ ಮಾಡುವ ಎನ್‌ಇಎಫ್‌ಟಿ ವರ್ಗಾವಣೆಗೆ 2020ರ ಜನವರಿ 1ರಿಂದ ಬ್ಯಾಂಕುಗಳು ಶುಲ್ಕ ಪಡೆಯುವಂತಿಲ್ಲ. 2019ರ ಡಿಸೆಂಬರ್ 16ರಿಂದ ಇದು ದಿನದ 24 ಗಂಟೆಯೂ, ರಜಾ ದಿನಗಳಲ್ಲೂ ನಡೆಯುತ್ತದೆ. ಐಎಂಪಿಎಸ್ ಶುಲ್ಕ ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ರೀತಿ ಇರುತ್ತದೆ.

ಎಟಿಎಂ

ಉಳಿತಾಯ ಖಾತೆಯವರಿಗೆ ತಿಂಗಳಿಗೆ ಸ್ವಂತ ಬ್ಯಾಂಕಿನ ಎಟಿಎಂನಲ್ಲಿ 5 ಸಲ, ನಮ್ಮಂಥ ಊರುಗಳಲ್ಲಿ ಬೇರೆ ಬ್ಯಾಂಕಿನ ಎಟಿಎಂನಲ್ಲಿ 5 ಸಲ ಉಚಿತ. ಮೀರಿದರೆ, 2025ರ ಮೇ 1ರಿಂದ, ಪ್ರತಿ ಸಲಕ್ಕೆ 23 ರೂಪಾಯಿವರೆಗೆ ಶುಲ್ಕ ಮತ್ತು ಅದರ ಮೇಲೆ ತೆರಿಗೆ ಹಿಡಿಯಬಹುದು. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಬರೀ ಬ್ಯಾಲೆನ್ಸ್ ನೋಡಿದರೂ ಒಂದು ಸಲ ಎಂದೇ ಲೆಕ್ಕ. ಹಾಗಾಗಿ ಐನೂರು, ಐನೂರು ಎಂದು ಪದೇ ಪದೇ ತೆಗೆಯುವ ಬದಲು ಬೇಕಾದಷ್ಟನ್ನು ಒಮ್ಮೆಗೇ ತೆಗೆಯಿರಿ.

ಹಣ ಕಡಿತವಾಗಿ ತಲುಪದಿದ್ದರೆ

ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಡುವುದು ಮಲೆನಾಡಿನವರಿಗೆ ಹೊಸದಲ್ಲ. ಖಾತೆಯಿಂದ ಹಣ ಹೋಗಿ ಕೌಂಟರಿಗೆ ಬರದಿದ್ದರೆ ಗಾಬರಿಯಿಂದ ತಕ್ಷಣ ಎರಡನೇ ಸಲ ಕಟ್ಟಬೇಡಿ. ಆ್ಯಪ್‌ನಲ್ಲಿರುವ 12 ಅಂಕಿಯ ಯುಟಿಆರ್ ಸಂಖ್ಯೆಯನ್ನು ಕೌಂಟರಿನಲ್ಲಿ ತೋರಿಸಿ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ವಿಫಲವಾದ ಯುಪಿಐ ಪಾವತಿಯ ಹಣ, ವ್ಯಕ್ತಿಗೆ ಕಳಿಸಿದ್ದರೆ ಮರುದಿನದೊಳಗೆ, ವ್ಯಾಪಾರಿ ಅಥವಾ ಸಂಸ್ಥೆಗೆ ಕಟ್ಟಿದ್ದರೆ ಐದು ದಿನದೊಳಗೆ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಇದು ನಿಮ್ಮ ಹಕ್ಕು. ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು. ಮಾಹಿತಿಗೆ 14448.

ಶುಲ್ಕದ ಹೆಸರಿನಲ್ಲಿ ಮೋಸ

ಇಂಟರ್‌ನೆಟ್‌ನಲ್ಲಿ ಆಸ್ಪತ್ರೆಯ ನಂಬರ್ ಹುಡುಕಿದವರಿಗೆ ಕೆಲವೊಮ್ಮೆ ಮೋಸಗಾರರ ನಂಬರ್ ಸಿಗುತ್ತದೆ. "ಡಾಕ್ಟರ ಅಪಾಯಿಂಟ್‌ಮೆಂಟ್‌ಗೆ ಐದು ರೂಪಾಯಿ ನೋಂದಣಿ ಶುಲ್ಕ, ಈ ಲಿಂಕ್ ಒತ್ತಿ" ಎನ್ನುತ್ತಾರೆ. ಐದು ರೂಪಾಯಿ ತಾನೇ ಎಂದು ಒತ್ತಿದರೆ ಖಾತೆಯೇ ಬರಿದಾದೀತು. ಮರೆಯಬೇಡಿ: ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಪಿನ್ ಬೇಕು. ಪಿನ್ ಮತ್ತು ಓಟಿಪಿಯನ್ನು ಯಾರಿಗೂ, ಸಹಾಯಕ್ಕೆ ಬಂದ ಅಪರಿಚಿತರಿಗೂ ಹೇಳಬೇಡಿ. ಮೋಸ ಹೋದರೆ ನಾಚಿಕೆಪಟ್ಟು ಸುಮ್ಮನಿರದೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ತಡಮಾಡಿದಷ್ಟೂ ಹಣ ಕೈತಪ್ಪುತ್ತದೆ.

ಕಟ್ಟುವ ಮುನ್ನ ಮೂರು ಪ್ರಶ್ನೆ

1. ಪರದೆಯಲ್ಲಿರುವ ಹೆಸರು ಆಸ್ಪತ್ರೆಯದೇ?
2. ಮೊತ್ತ ಬಿಲ್ಲಿನಲ್ಲಿರುವಷ್ಟೇ ಇದೆಯೇ?
3. ಹೆಚ್ಚಿದ್ದರೆ, ಆ ಹಣ ಯಾರಿಗೆ, ಯಾಕೆ?

ಕಟ್ಟಿದ ಮೇಲೆ ರಸೀದಿ ಪಡೆದು ಜೋಪಾನವಾಗಿಡಿ. ಮೊಬೈಲ್ ಬಳಸಲು ಬಾರದವರು ಸಂಕೋಚಪಡಬೇಕಿಲ್ಲ, ಕೌಂಟರಿನಲ್ಲಿ ಕೇಳಿ. ಕೇಳುವುದರಲ್ಲಿ ಸಣ್ಣತನವಿಲ್ಲ. ಉಳಿದ ನಾಲ್ಕು ನೂರು ರೂಪಾಯಿ ರೋಗಿಯ ಹಾಲು ಹಣ್ಣಿಗಾದರೂ ಆದೀತು.

ನಿಮ್ಮವರು ಬೇಗ ಗುಣಮುಖರಾಗಿ ಮನೆ ಸೇರಲಿ. ಶರಣು.