ಕಿನ್ಸೆನ್ಯೆರಾ: ಚರ್ಚಿನ ಪಾಲೆಷ್ಟು, ಛತ್ರದ ಪಾಲೆಷ್ಟು?

ಟೆಕ್ಸಸ್ಸಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ಮನೆಗಳಿಗೆ ಇಂಥದೊಂದು ಕರೆಯೋಲೆ ಬರುವುದುಂಟು. ಮಗಳ ಸಹಪಾಠಿಗೆ ಹದಿನೈದು ತುಂಬುತ್ತಿದೆ; ಶನಿವಾರ ಮಧ್ಯಾಹ್ನ ಚರ್ಚಿನಲ್ಲಿ ಪೂಜೆ, ಸಂಜೆ ಹಾಲ್‌ನಲ್ಲಿ ಊಟ ಮತ್ತು ಕುಣಿತ. ಕಾರ್ಡಿನ ಅದ್ದೂರಿ, ಹುಡುಗಿಯ ಗೌನಿನ ಘೇರು, ಬಾಗಿಲಲ್ಲಿ ನಿಂತ ಉದ್ದನೆಯ ಕಾರು ನೋಡಿದವರಿಗೆ ಇದು ಮದುವೆಯೇ ಇರಬೇಕು ಅನ್ನಿಸುತ್ತದೆ. ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳಿಂದ ಬಂದು ಅಮೆರಿಕದಲ್ಲಿ ನೆಲೆಸಿದ ಲಾಟಿನೋ ಕುಟುಂಬಗಳು ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಮಾಡುವ ಕಿನ್ಸೆನ್ಯೆರಾ, ಅಂದರೆ ಹುಡುಗಿಗೆ ಹದಿನೈದು ತುಂಬುವ ಹಬ್ಬ ಇದು. ಹೊರಗಿನವರು ಇದನ್ನು ತಪ್ಪು ತಿಳಿಯುವುದು ಸಹಜ. ಆದರೆ ಮನೆಯವರಲ್ಲೇ ತಪ್ಪು ತಿಳಿವಳಿಕೆ ಬೇಕಾದಷ್ಟಿದೆ. ಅದರಲ್ಲೂ ಹೆಚ್ಚಿನದು ಚರ್ಚಿನ ಭಾಗಕ್ಕೆ ಸೇರಿದ್ದು.

"ಕ್ಯಾಥೊಲಿಕ್ ಹುಡುಗಿಗೆ ಇದು ಕಡ್ಡಾಯದ ಸಂಸ್ಕಾರ"

ಅಲ್ಲ. ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಸಂಸ್ಕಾರಗಳು ಏಳೇ: ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳಿಗೆ ತೈಲಲೇಪನ, ಗುರುದೀಕ್ಷೆ, ವಿವಾಹ. ಹದಿನೈದರ ಹಬ್ಬ ಈ ಪಟ್ಟಿಯಲ್ಲಿಲ್ಲ. ಚರ್ಚಿನಲ್ಲಿ ನಡೆಯುವುದು ಒಂದು ಆಶೀರ್ವಾದ. ಅದನ್ನು ಮಾಡಿಸಿಕೊಳ್ಳದ ಹುಡುಗಿಗೆ ಮುಂದೆ ಮದುವೆಗಾಗಲಿ, ಬೇರೆ ಯಾವುದಕ್ಕಾಗಲಿ ಅಡ್ಡಿಯಿಲ್ಲ. ಈ ಪದ್ಧತಿ ಸ್ಪೇನಿನಲ್ಲೋ ಇಟಲಿಯಲ್ಲೋ ಇರುವ ಕ್ಯಾಥೊಲಿಕ್ ಹುಡುಗಿಗೆ ಇಲ್ಲ, ಮಂಗಳೂರಿನ ಹುಡುಗಿಗಂತೂ ಇಲ್ಲವೇ ಇಲ್ಲ.

ಹಾಗಂತ ಇದು ಚರ್ಚು ಕಣ್ಣುಮುಚ್ಚಿ ಸಹಿಸಿಕೊಂಡ ಮನೆಹಬ್ಬವೂ ಅಲ್ಲ. ಬಹಳ ಕಾಲ ಒಂದೊಂದು ಚರ್ಚಿನಲ್ಲಿ ಒಂದೊಂದು ರೀತಿ ನಡೆಯುತ್ತಿತ್ತು. ಕೆಲವು ಪಾದ್ರಿಗಳು 'ಆಡಂಬರ' ಎಂದು ಬಾಗಿಲು ಹಾಕಿದ್ದೂ ಇದೆ. ಕೊನೆಗೆ ಅಮೆರಿಕದ ಬಿಷಪ್ಪರ ಮಂಡಳಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಹದಿನೈದನೆಯ ಹುಟ್ಟುಹಬ್ಬದ ಆಶೀರ್ವಾದಕ್ಕೆಂದೇ ವಿಧಿ ಸಿದ್ಧಪಡಿಸಿತು. 2007ರಲ್ಲಿ ವ್ಯಾಟಿಕನ್ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆ ವಿಧಿಯಲ್ಲಿ ಎರಡು ದಾರಿಗಳಿವೆ. ಒಂದು ಬಲಿಪೂಜೆಯೊಳಗೇ (ಇಂಗ್ಲಿಷಿನಲ್ಲಿ ಮಾಸ್) ಆಶೀರ್ವಾದ, ಇನ್ನೊಂದು ಬಲಿಪೂಜೆಯಿಲ್ಲದೆ ವಾಚನ, ಪ್ರಾರ್ಥನೆಗಳ ನಡುವೆ ಆಶೀರ್ವಾದ. ಎರಡನೆಯದನ್ನು ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಡೀಕನ್ ಕೂಡ ನಡೆಸಿಕೊಡಬಹುದು. 'ಪೂರ್ತಿ ಪೂಜೆ ಇಲ್ಲದಿದ್ದರೆ ಅರ್ಧ ಶಾಸ್ತ್ರವಾದಂತೆ' ಎಂದು ಅಜ್ಜಿಯರು ಕೊರಗುವುದುಂಟು. ವಿಧಿಯ ಪುಸ್ತಕ ಹಾಗೇನೂ ಹೇಳುವುದಿಲ್ಲ.

"ಹುಡುಗಿ ಮದುವೆಗೆ ಸಿದ್ಧ ಎಂದು ಸಾರುವುದಕ್ಕೆ"

ಕನ್ನಡದವರಿಗೆ ಇದನ್ನು ವಿವರಿಸಹೊರಟರೆ, ಓಹೋ, ನಮ್ಮ ಕಡೆ ಮೈನೆರೆದ ಹುಡುಗಿಯನ್ನು ಕೂರಿಸಿ ಆರತಿ ಎತ್ತುವ ಶಾಸ್ತ್ರದ ಹಾಗೆ ಅನ್ನುತ್ತಾರೆ. ಹೋಲಿಕೆ ಅರ್ಧ ದಾರಿಗೆ ನಿಲ್ಲುತ್ತದೆ. ನಮ್ಮ ಆರತಿಗೆ ದೇಹದ ಬದಲಾವಣೆ ಕಾರಣ. ಇಲ್ಲಿ ಕಾರಣ ಹುಟ್ಟಿದ ತಾರೀಖು ಮಾತ್ರ. ಮೈನೆರೆದು ಮೂರು ವರ್ಷವಾಗಿದ್ದರೂ ಹದಿನೈದಕ್ಕೇ ಹಬ್ಬ.

ಒಂದಾನೊಂದು ಕಾಲದಲ್ಲಿ ಸಿರಿವಂತ ಮನೆಗಳು ಮಗಳನ್ನು ಸಮಾಜದ ಮುಂದೆ ತಂದು ನಿಲ್ಲಿಸುತ್ತಿದ್ದುದರ ಹಿಂದೆ ವರಾನ್ವೇಷಣೆ ಇತ್ತು, ನಿಜ. ಆ ನೆನಪು ಗೌನಿನಲ್ಲಿ, ವಾಲ್ಟ್ಸ್ ಕುಣಿತದಲ್ಲಿ ಉಳಿದಿದೆ. ಚರ್ಚಿನ ವಿಧಿಯಲ್ಲಿ ಮಾತ್ರ ಮದುವೆಯ ಸುದ್ದಿಯಿಲ್ಲ. ಅಲ್ಲಿರುವುದು ಬದುಕಿಗೆ ಕೃತಜ್ಞತೆ, ಜ್ಞಾನಸ್ನಾನದ ದಿನ ತನ್ನ ಪರವಾಗಿ ಹಿರಿಯರು ಕೊಟ್ಟ ಮಾತನ್ನು ಈಗ ತಾನೇ ಬಾಯಿಬಿಟ್ಟು ಹೇಳುವುದು, ಮುಂದಿನ ಬಾಳಿಗೆ ಆಶೀರ್ವಾದ ಬೇಡುವುದು. ಕಾನೂನಿನ ಮಾತಿಗೆ ಬಂದರೆ, ಮೆಕ್ಸಿಕೊದ ಫೆಡರಲ್ ನಾಗರಿಕ ಸಂಹಿತೆಗೆ 2019ರಲ್ಲಿ ತಿದ್ದುಪಡಿಯಾಗಿ ಮದುವೆಯ ವಯಸ್ಸು ಹದಿನೆಂಟು ಎಂದು ನಿಂತಿದೆ.

"ಇದು ಆಜ್ಟೆಕರ ಕಾಲದಿಂದ ಬಂದ ಪದ್ಧತಿ"

ಹಾಲ್‌ನಲ್ಲಿ ಮೈಕು ಹಿಡಿದ ನಿರೂಪಕ ತಪ್ಪದೆ ಹೇಳುವ ಮಾತು ಇದು. ಗೌನು ಮಾರುವ ಅಂಗಡಿಯವರೂ ಹೇಳುತ್ತಾರೆ. ಪೂರಾ ಸುಳ್ಳು ಎನ್ನಲಾಗದು, ಹೌದೆನ್ನುವುದಕ್ಕೂ ಆಧಾರ ಸಾಲದು.

ಸ್ಪ್ಯಾನಿಷರು ಬಂದ ಸ್ವಲ್ಪ ಕಾಲಕ್ಕೆ, ಸುಮಾರು 1541ರ ಹೊತ್ತಿಗೆ ತಯಾರಾದ ಚಿತ್ರಗ್ರಂಥವೊಂದಿದೆ. ಮೆಂಡೋಜ ಕೋಡೆಕ್ಸ್ ಎಂದು ಹೆಸರು. ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಆಜ್ಟೆಕ್ ಮಕ್ಕಳನ್ನು ವರ್ಷವರ್ಷಕ್ಕೆ ಹೇಗೆ ಬೆಳೆಸುತ್ತಿದ್ದರೆಂದು ಅದರಲ್ಲಿ ಚಿತ್ರಿಸಿದ್ದಾರೆ: ಇಂತಿಷ್ಟು ವಯಸ್ಸಿಗೆ ಇಷ್ಟು ರೊಟ್ಟಿ, ಇಂಥ ಕೆಲಸ, ತಪ್ಪು ಮಾಡಿದರೆ ಇಂಥ ಶಿಕ್ಷೆ. ಹದಿನೈದರ ಪುಟಕ್ಕೆ ಬಂದರೆ ಹುಡುಗರನ್ನು ಗುರುಗಳ ಕೈಗೆ ಒಪ್ಪಿಸುವ ಚಿತ್ರ ಮೇಲೆ. ಕೆಳಗೆ ಅದೇ ವಯಸ್ಸಿನ ಹುಡುಗಿಯ ಮದುವೆ. ರಾತ್ರಿ ದೀವಟಿಗೆಯ ಬೆಳಕಿನಲ್ಲಿ ಹೆಂಗಸೊಬ್ಬಳು ವಧುವನ್ನು ಬೆನ್ನ ಮೇಲೆ ಹೊತ್ತು ತರುತ್ತಾಳೆ, ಚಾಪೆಯ ಮೇಲೆ ಕೂತ ಗಂಡು ಹೆಣ್ಣಿನ ಬಟ್ಟೆಯ ತುದಿಗಳಿಗೆ ಗಂಟು ಬಿದ್ದಿದೆ. ಹದಿನೈದು ಎಂಬ ವಯಸ್ಸಿಗೆ ಅಲ್ಲಿ ತೂಕವಿತ್ತು ಎಂಬಷ್ಟಕ್ಕೆ ಇದು ಸಾಕ್ಷಿ. ಆದರೆ ಅದು ನೇರವಾಗಿ ಮದುವೆ, ಹುಟ್ಟುಹಬ್ಬವಲ್ಲ. ಆ ಪುಟದಿಂದ ಇವತ್ತಿನ ಗೌನಿನವರೆಗೆ ಕಡಿಯದ ದಾರವೊಂದು ಬಂದಿದೆ ಎಂದು ತೋರಿಸುವ ದಾಖಲೆ ಕಂಡುಬಂದಿಲ್ಲ.

ಇನ್ನೊಂದು ಕಥೆಯ ಪ್ರಕಾರ 1864ರಿಂದ 1867ರವರೆಗೆ ಮೆಕ್ಸಿಕೊ ಆಳಿದ ಆಸ್ಟ್ರಿಯಾ ಮೂಲದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಮತ್ತು ರಾಣಿ ಕಾರ್ಲೋಟ ವಾಲ್ಟ್ಸನ್ನೂ ಗೌನನ್ನೂ ತಂದರು. ಮೂರೇ ವರ್ಷದ ಆಳ್ವಿಕೆಯ ತಲೆಗೆ ಇಷ್ಟೆಲ್ಲ ಕಟ್ಟುವುದು ನನಗಂತೂ ಅತಿಯೆನಿಸುತ್ತದೆ. ಯೂರೋಪಿನ ಸಿರಿಮನೆಗಳ ಕೂಟಗಳ ಮೋಹ ಮೆಕ್ಸಿಕೊದ ಸಿರಿವಂತರಿಗೆ ಅದಕ್ಕೆ ಮೊದಲೂ ಇತ್ತು. ಆಮೇಲೆ ಪೋರ್ಫಿರಿಯೊ ದಿಯಾಸ್ ಆಳಿದ ದಶಕಗಳಲ್ಲಿ ಪ್ಯಾರಿಸ್ಸನ್ನು ನಕಲು ಮಾಡುವ ಸಿರಿವಂತರ ಖಯಾಲಿ ಇನ್ನೂ ಬಲಿಯಿತು. ಹುವೆಂತಿನೊ ರೋಸಾಸ್ ಎಂಬ ಮೆಕ್ಸಿಕನ್ ಸಂಗೀತಗಾರನ ಪ್ರಸಿದ್ಧ ವಾಲ್ಟ್ಸ್ 'ಸೋಬ್ರೆ ಲಾಸ್ ಒಲಾಸ್' ಹೊರಬಂದದ್ದು 1888ರಲ್ಲಿ, ಆ ಕಾಲದಲ್ಲೇ. ಶ್ರೀಮಂತರ ಈ ಶೋಕಿ ಜನಸಾಮಾನ್ಯರ ಬೀದಿಗೆ ಇಳಿದದ್ದು 20ನೆಯ ಶತಮಾನದಲ್ಲಿ. ಈಗ ನಾವು ಕಾಣುವ ಹಬ್ಬ, ಅದರ ಸಾಮಾನು ಸರಂಜಾಮಿನ ಸಮೇತ, ಹೆಚ್ಚೂಕಮ್ಮಿ ಆಗಿನದೇ.

"ಮೊದಲು ಹಾಲ್ ಬುಕ್ ಮಾಡಿ, ಚರ್ಚು ಹೇಗೂ ಸಿಗುತ್ತದೆ"

ಹೆಚ್ಚು ಮನೆಗಳು ಎಡವುವುದು ಇಲ್ಲಿ. ಹಾಲಿಗೆ ಮುಂಗಡ ಕೊಟ್ಟು, ಸಂಗೀತದವರಿಗೆ ಮಾತು ಕೊಟ್ಟು, ಕಾರ್ಡು ಅಚ್ಚು ಹಾಕಿಸಿ, ಆಮೇಲೆ ಚರ್ಚಿನ ಕಚೇರಿಗೆ ಹೋಗುತ್ತಾರೆ. ಆ ಶನಿವಾರ ಅಲ್ಲಿ ಎರಡು ಮದುವೆ, ಒಂದು ಜ್ಞಾನಸ್ನಾನ ಬರೆದುಕೊಂಡು ಕೂತಿರುತ್ತಾರೆ. ಅಥವಾ ಅದು ಈಸ್ಟರಿಗೆ ಮುಂಚಿನ ತಪಸ್ಸುಕಾಲ. ಆ ನಲವತ್ತು ದಿನ ಇಂಥ ಸಡಗರ ಬೇಡ ಎನ್ನುವ ಚರ್ಚುಗಳು ಹಲವು. ಪವಿತ್ರ ವಾರದ ಗುರುವಾರದಿಂದ ಶನಿವಾರದವರೆಗಂತೂ ಕೇಳುವ ಹಾಗೇ ಇಲ್ಲ. ಹುಟ್ಟಿದ ದಿನವೇ ಆಗಬೇಕೆಂಬ ಹಟವೂ ಬೇಕಿಲ್ಲ. ಹಿಂದೆಮುಂದೆ ಕೆಲವು ವಾರ ಆದರೆ ಯಾರೂ ತಪ್ಪೆಣಿಸುವುದಿಲ್ಲ.

ಆರು ತಿಂಗಳಿಂದ ಒಂದು ವರ್ಷ ಮೊದಲು ಬನ್ನಿ ಎಂದು ಚರ್ಚಿನವರು ಹೇಳುವುದಕ್ಕೆ ಕಾರಣವಿದೆ. ತಾರೀಖು ಸಿಗುವುದೊಂದೇ ಅಲ್ಲ, ಹುಡುಗಿಯ ತಯಾರಿಗೂ ಸಮಯ ಬೇಕು. ಜ್ಞಾನಸ್ನಾನದ ಪತ್ರ, ಮೊದಲ ಪರಮಪ್ರಸಾದದ ಪತ್ರ ಕೇಳುತ್ತಾರೆ. ದೃಢೀಕರಣ ಆಗಿರದಿದ್ದರೆ ಬಹಳ ಕಡೆ ಅದರ ತರಗತಿಗೆ ಸೇರಿರಬೇಕು. ಹುಡುಗಿಗೆ, ಕೆಲವೆಡೆ ತಂದೆತಾಯಿಗೂ, ಒಂದಿಷ್ಟು ತರಗತಿ ಅಥವಾ ಧ್ಯಾನಕೂಟ ಇರುತ್ತದೆ. ತಮ್ಮ ಚರ್ಚು ಬಿಟ್ಟು ಚಂದದ ಕಟ್ಟಡವೆಂದು ಬೇರೆ ಕಡೆ ಹೋಗುವವರು ತಮ್ಮ ಪಾದ್ರಿಗಳಿಂದ ಪತ್ರ ತರಬೇಕಾಗುತ್ತದೆ. ನಿಯಮ ಧರ್ಮಪ್ರಾಂತ್ಯದಿಂದ ಧರ್ಮಪ್ರಾಂತ್ಯಕ್ಕೆ ಬೇರೆ. ಹಾಗಾಗಿ ಅತ್ತೆಯ ಮಗಳಿಗೆ ಹೂಸ್ಟನ್‌ನಲ್ಲಿ ನಡೆದದ್ದು ಇಲ್ಲೂ ನಡೆಯುತ್ತದೆಂದು ನಂಬಬಾರದು. 'ಕಾಣಿಕೆ ಕೊಟ್ಟರೆ ಎಲ್ಲ ಆಗುತ್ತದೆ' ಎಂದುಕೊಂಡವರನ್ನೂ ಕಚೇರಿಯವರು ತರಗತಿಗೇ ಕಳಿಸುತ್ತಾರೆ.

ವೇಳೆಯ ವಿಷಯದಲ್ಲಿ ಚರ್ಚಿನವರು ಬಿಗಿ. ಶನಿವಾರ ಮಧ್ಯಾಹ್ನದ ಮೇಲೆ ಪಾಪನಿವೇದನೆಗೆ ಜನ ಬರುತ್ತಾರೆ, ಸಂಜೆ ಭಾನುವಾರದ ಲೆಕ್ಕದ ಪೂಜೆ ಇರುತ್ತದೆ. ಕೂದಲಿನ ಅಲಂಕಾರ ಮುಗಿಯದೆ ಮುಕ್ಕಾಲು ಗಂಟೆ ತಡವಾಗಿ ಬಂದ ಹುಡುಗಿಗೆ ಪೂಜೆ ಮೊಟಕಾದರೆ ಪಾದ್ರಿಗಳನ್ನು ದೂರಿ ಫಲವಿಲ್ಲ.

"ಹದಿನಾಲ್ಕು ಜೋಡಿ ಇಲ್ಲದಿದ್ದರೆ ಶಾಸ್ತ್ರವಾಗದು"

ಏಳು ಹುಡುಗಿಯರು, ಏಳು ಹುಡುಗರು. ಇಲ್ಲವೇ ಹದಿನಾಲ್ಕು ಜೋಡಿಗಳು, ನಡುವೆ ಹದಿನೈದನೆಯವಳಾಗಿ ನಾಯಕಿ. ಈ ಪರಿವಾರ ಪೂರಾ ರೂಢಿಯ ಮಾತು. ಆಶೀರ್ವಾದಕ್ಕೆ ಬೇಕಾದವಳು ಹುಡುಗಿಯೊಬ್ಬಳೇ. ಎಷ್ಟೋ ಚರ್ಚುಗಳು ತಂದೆತಾಯಿ ಮತ್ತು ಧರ್ಮಪಿತ, ಧರ್ಮಮಾತೆಯರಷ್ಟೇ ಜೊತೆಗೆ ನಡೆದು ಬಂದರೆ ಸಾಕೆನ್ನುತ್ತವೆ.

ಆ ಧರ್ಮಪಿತರ ಮಾತೂ ಸ್ವಲ್ಪ ಗೋಜಲು. ಕೇಕಿಗೊಬ್ಬಳು 'ಮದ್ರೀನಾ', ಸಂಗೀತಕ್ಕೊಬ್ಬ 'ಪದ್ರೀನೊ', ಉಂಗುರಕ್ಕೆ, ಕಿರೀಟಕ್ಕೆ, ದಿಂಬಿಗೆ ಒಬ್ಬೊಬ್ಬರು, ಹೀಗೆ ಬಂಧುಬಳಗ ಖರ್ಚನ್ನು ಹಂಚಿಕೊಳ್ಳುತ್ತದೆ. ಈ ಹಬ್ಬದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಏರ್ಪಾಡು ಇದೇ. ಕೂಲಿ ಮಾಡುವವನ ಮಗಳಿಗೂ ಹಬ್ಬ ದಕ್ಕುವುದು ಇದರಿಂದ. ಆದರೆ ಜ್ಞಾನಸ್ನಾನದ ಧರ್ಮಪಿತನಿಗೆ ಚರ್ಚಿನ ಕಾನೂನಿನಲ್ಲಿ ಇರುವ ಸ್ಥಾನ ಕೇಕು ಕೊಡಿಸಿದವರಿಗಿಲ್ಲ. ಅವರೆಲ್ಲ ಬಲಿಪೀಠದ ಮುಂದೆ ಸಾಲಾಗಿ ನಿಲ್ಲಬೇಕೆಂದೂ ಇಲ್ಲ.

"ಬೊಂಬೆ, ಚಪ್ಪಲಿ ಎಲ್ಲ ಪೂಜೆಯ ಭಾಗ"

ತಂದೆ ಮಂಡಿಯೂರಿ ಮಗಳ ಕಾಲಿನ ಚಪ್ಪಟೆ ಚಪ್ಪಲಿ ಬಿಚ್ಚಿ ಎತ್ತರದ ಹಿಮ್ಮಡಿಯ ಚಪ್ಪಲಿ ತೊಡಿಸುವುದು, ಬಾಲ್ಯದ ಕೊನೆಯ ಬೊಂಬೆ ಕೊಡುವುದು, ವಾಲ್ಟ್ಸ್ ಕುಣಿತ, ಎಲ್ಲವೂ ಹಾಲ್‌ನಲ್ಲಿ ನಡೆಯುವಂಥವು. ಹಾಗಾಗಿಯೇ ಬಹಳ ಹುಡುಗಿಯರು ಚರ್ಚಿಗೆ ಬರುವಾಗ ಅಷ್ಟಗಲ ಗೌನಿನ ಕೆಳಗೆ ಚಪ್ಪಟೆ ಚಪ್ಪಲಿಯೇ ಇರುತ್ತದೆ. ಗುಲಾಬಿ ಬಣ್ಣವೋ ಬಿಳಿಯೋ ಎಂಬುದಕ್ಕೂ ಚರ್ಚಿನ ಕಟ್ಟಳೆಯಿಲ್ಲ. ಭುಜ ಮುಚ್ಚಿರಲಿ ಎಂದು ಹೇಳುವವರಿದ್ದಾರೆ, ಅಷ್ಟೆ.

ಚರ್ಚಿನೊಳಗೆ ನಡೆಯುವುದು ಇಷ್ಟು. ಒಳಗೆ ಕಮಾನು ಕಟ್ಟಿದ ಲಂಗ ಬೆಂಚಿನ ನಡುವೆ ಹಿಡಿಸದ್ದರಿಂದ ಹುಡುಗಿಗೆ ಮುಂದೆ ಬೇರೆ ಕುರ್ಚಿ, ಮಂಡಿಯೂರಲು ಹೆಸರು ಕಸೂತಿ ಮಾಡಿದ ದಿಂಬು. ಶುಭಸಂದೇಶದ ವಾಚನ, ಪ್ರಬೋಧನೆ ಮುಗಿದ ಮೇಲೆ ಅವಳು ಎದ್ದು ಜ್ಞಾನಸ್ನಾನದ ವಚನಗಳನ್ನು ನವೀಕರಿಸುತ್ತಾಳೆ, ಕೃತಜ್ಞತೆಯ ಪ್ರಾರ್ಥನೆ ಹೇಳುತ್ತಾಳೆ. ಪದಕ, ಬೈಬಲ್, ಜಪಮಾಲೆಗಳನ್ನು ಪಾದ್ರಿಗಳು ಮಂತ್ರಿಸಿ ಕೊಡುವುದುಂಟು. ಮೆಕ್ಸಿಕೊದವರ ಮರಿಯಮ್ಮನಾದ ಗ್ವಾದಲೂಪೆ ಮಾತೆಯ ಆ ಚಿಕ್ಕ ಪದಕದ ಕೊಂಡಿಯನ್ನು ಮಗಳ ಕತ್ತಿನ ಹಿಂದೆ ಹಾಕಲು ಧರ್ಮಮಾತೆ ಕನ್ನಡಕ ಹುಡುಕುತ್ತಾ ನಿಲ್ಲುತ್ತಾಳೆ, ಸಭೆಯೆಲ್ಲ ಕಾಯುತ್ತದೆ. ಕಡೆಗೆ ಹುಡುಗಿ ಹೂಗುಚ್ಛವನ್ನು ಮರಿಯಮ್ಮನ ಮುಂದೆ ಇಟ್ಟು ಬರುತ್ತಾಳೆ.

ಇದರಲ್ಲಿ ಹೂವಿನ ಅಲಂಕಾರದವರು, ಫೋಟೊದವರು ಮುಟ್ಟಲಾರದ ಭಾಗವೆಂದರೆ ಅವಳ ಆ ಪ್ರಾರ್ಥನೆ. ಬರೆದುಕೊಟ್ಟದ್ದನ್ನು ಓದಬಹುದು, ಪಾದ್ರಿಗಳೊಡನೆ ಮಾತಾಡಿ ತಾನೇ ಬರೆದುಕೊಳ್ಳಲೂಬಹುದು. ಯೋಜನೆಯ ಪಟ್ಟಿ ಹಿಡಿದ ತಾಯಂದಿರು ಕೇಕಿನ ಅಂತಸ್ತು ಎಣಿಸುವ ಭರದಲ್ಲಿ ಇದನ್ನು ಮರೆಯುತ್ತಾರೆ. ಹುಡುಗಿ ಅಂದು ಬೆಳಿಗ್ಗೆ ಮೊದಲ ಸಲ ಆ ಹಾಳೆ ನೋಡುತ್ತಾಳೆ. ಸಾಕಷ್ಟು ಹುಡುಗಿಯರು ಸ್ಪ್ಯಾನಿಷ್ ಓದಲು ತಡವರಿಸುತ್ತಾರೆ; ಇಂಗ್ಲಿಷಿನಲ್ಲಿ ಹೇಳಿದರೂ ವಿಧಿಗೆ ಕುಂದಿಲ್ಲ ಎಂದು ಯಾರಾದರೂ ಮೊದಲೇ ಹೇಳಬೇಕಿತ್ತು.

"ಚರ್ಚಿನಲ್ಲಿ ಮಾರಿಯಾಚಿ ಬಾರಿಸುವಂತಿಲ್ಲ"

ಬಾರಿಸಬಹುದು. 1966ರಲ್ಲಿ ಮೆಕ್ಸಿಕೊದ ಕ್ವೆರ್ನವಾಕ ಪ್ರಧಾನ ದೇವಾಲಯದಲ್ಲಿ ಬಿಷಪ್ ಸೆರ್ಹಿಯೊ ಮೆಂದೆಸ್ ಅರ್ಸೆಯೊ ಅವರ ಕಾಲದಲ್ಲಿ ಮಾರಿಯಾಚಿ ಎಂಬ ಮೆಕ್ಸಿಕನ್ ವಾದ್ಯಮೇಳದ ಬಲಿಪೂಜೆ ಶುರುವಾಯಿತು. ಸ್ಥಳೀಯ ಸಂಗೀತಕ್ಕೆ ಪೂಜೆಯ ಬಾಗಿಲು ತೆರೆದ ಎರಡನೆಯ ವ್ಯಾಟಿಕನ್ ಮಹಾಸಭೆ ಮುಗಿದು ವರ್ಷವೂ ಸರಿಯಾಗಿ ಕಳೆದಿರಲಿಲ್ಲ. ತುತ್ತೂರಿ, ಪಿಟೀಲು, ಗಿಟಾರ್ರೋನ್ ಎಂಬ ದೊಡ್ಡ ಗಿಟಾರು ಹಿಡಿದು ಪೂಜೆಯ ಹಾಡುಗಳನ್ನು ಹಾಡುವುದು ಈಗ ಹಲವು ಕಡೆ ಹರಡಿದೆ. ಸಿನಿಮಾ ಪ್ರೇಮಗೀತೆಗಳು ಮಾತ್ರ ಸಂಜೆಗೆ ಮೀಸಲು.

"ಕ್ಯಾಥೊಲಿಕರಲ್ಲದವರು ಚರ್ಚಿಗೆ ಬರುವಂತಿಲ್ಲ"

ಕನ್ನಡದವರು ಹೆಚ್ಚಾಗಿ ಈ ಅಂಜಿಕೆಯಿಂದಲೇ ಮಧ್ಯಾಹ್ನದ ಪೂಜೆ ತಪ್ಪಿಸಿ ಸಂಜೆಯ ಊಟಕ್ಕೆ ನೇರ ಹೋಗುತ್ತಾರೆ. ಅತಿಥೇಯರಿಗೆ ಅದರಿಂದ ಬೇಸರವೇ. ಬಲಿಪೂಜೆಗೆ ಯಾರು ಬೇಕಾದರೂ ಬಂದು ಕೂರಬಹುದು. ಕಾರ್ಡು ಬೇಕಾಗುವುದು ಹಾಲ್‌ನ ಊಟಕ್ಕೆ. ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತರೆ ಆಯಿತು. ಮಂಡಿಯೂರಬೇಕೆಂಬ ಒತ್ತಾಯವಿಲ್ಲ. ಪರಮಪ್ರಸಾದದ ಸಾಲಿಗೆ ಮಾತ್ರ ಹೋಗಬೇಡಿ, ಅದು ಕ್ಯಾಥೊಲಿಕರಿಗೆ. ನಮ್ಮ ದೇವಸ್ಥಾನದ ಅಭ್ಯಾಸಕ್ಕೆ ಕೈ ಮುಂದೆ ಹೋಗುತ್ತದೆ, ತಡೆದುಕೊಳ್ಳಿ. ಇಡೀ ಬೆಂಚು ಎದ್ದು ಹೊರಟರೆ ಅವರಿಗೆ ದಾರಿ ಬಿಟ್ಟು ಕೂತಲ್ಲೇ ಇರಿ. ಉಡುಗೊರೆಯ ಪೊಟ್ಟಣವನ್ನು ಚರ್ಚಿಗೆ ಒಯ್ಯುವ ಅಗತ್ಯವಿಲ್ಲ, ಹಾಲಿನ ಬಾಗಿಲ ಬಳಿ ಅದಕ್ಕೊಂದು ಮೇಜು ಹಾಕಿರುತ್ತಾರೆ.