ಕಂಪ್ಯೂಟರಿನಲ್ಲಿ ಚಿತ್ರ ತೆರೆಯುವ ಪ್ರೋಗ್ರಾಮನ್ನು ಬದಲಾಯಿಸುವ ಕ್ರಮ

ಹಳ್ಳಿಯ ಮನೆಗಳಲ್ಲಿ ಈಗ ಕಂಪ್ಯೂಟರು ಅಪರೂಪದ ವಸ್ತುವಾಗಿ ಉಳಿದಿಲ್ಲ. ಮಕ್ಕಳ ಓದಿಗೆಂದು ಕೊಂಡದ್ದಿರಬಹುದು. ಪಟ್ಟಣದಲ್ಲಿ ಕೆಲಸಕ್ಕಿರುವ ಮಗನು ತನಗೆ ಹೊಸದನ್ನು ಕೊಂಡು ಹಳೆಯದನ್ನು ಊರಿಗೆ ತಂದಿಟ್ಟದ್ದಿರಬಹುದು. ಅದರೊಳಗೆ ಮನೆಯವರು ಏನನ್ನು ಕೂಡಿಡುತ್ತಾರೆಂದು ನೋಡಿದರೆ ಬಹುಪಾಲು ಚಿತ್ರಗಳೇ ಆಗಿರುತ್ತವೆ. ಮದುವೆ, ನಾಮಕರಣಗಳ ಫೋಟೋಗಳು, ಅಡಿಕೆಯ ಸೋಗೆಯ ಮೇಲೆ ಚುಕ್ಕೆ ಕಂಡಾಗ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಲು ತೆಗೆದ ಫೋಟೋ, ಸ್ಕ್ಯಾನ್ ಮಾಡಿಸಿಟ್ಟ ಮಾರ್ಕ್ಸ್ ಕಾರ್ಡು, ಅಜ್ಜನ ಕಾಲದ ಕ್ರಯಪತ್ರ, ಜಮೀನಿನ ಹಿಸ್ಸಾ ನಕ್ಷೆ, ಇವೆಲ್ಲ ಅಲ್ಲಿರುತ್ತವೆ.

ಹೀಗೆ ಇಟ್ಟಿದ್ದ ಚಿತ್ರವು ಒಂದು ದಿನ ತೆರೆಯದೆ ಹೋದರೆ, ಅಥವಾ ಎಂದಿನಂತೆ ತೆರೆಯದೆ ಇನ್ನಾವುದೋ ಬಗೆಯಲ್ಲಿ ತೆರೆದುಕೊಂಡರೆ, ಫೋಟೋ ಕೆಟ್ಟುಹೋಯಿತೆಂದು ಮನೆಯವರು ಗಾಬರಿಯಾಗುವುದು ಸಹಜ. ಕೆಲವರು ಪೆಟ್ಟಿಗೆಯನ್ನೇ ಹೊತ್ತು ಅಂಗಡಿಗೆ ಹೋಗುತ್ತಾರೆ. ಕೆಲವರು 'ಕೆಟ್ಟ' ಫೋಟೋವನ್ನು ಅಳಿಸಿಯೂ ಬಿಡುತ್ತಾರೆ. ಆದರೆ ಇಂಥ ಸಂದರ್ಭಗಳಲ್ಲಿ ಅನೇಕ ಸಲ ಚಿತ್ರಕ್ಕೆ ಏನೂ ಆಗಿರುವುದಿಲ್ಲ. ಅದನ್ನು ತೆರೆದು ತೋರಿಸುವ ಪ್ರೋಗ್ರಾಂ ಮಾತ್ರ ಬದಲಾಗಿರುತ್ತದೆ. ಅದನ್ನು ನಮಗೆ ಬೇಕಾದಂತೆ ಗೊತ್ತುಮಾಡಿಕೊಳ್ಳುವುದು ಐದು ನಿಮಿಷದ ಕೆಲಸ.

ಚಿತ್ರವೇ ಬೇರೆ, ಚಿತ್ರವನ್ನು ತೋರಿಸುವ ಪ್ರೋಗ್ರಾಮೇ ಬೇರೆ ಎಂಬುದನ್ನು ಮೊದಲು ತಿಳಿಯಬೇಕು. ಚಿತ್ರವು ಡಿಸ್ಕಿನಲ್ಲಿ ಒಂದು ಫೈಲಾಗಿ ಇರುತ್ತದೆ. ಅದರ ಮೇಲೆ ಮೌಸಿನ ಎಡಗುಂಡಿಯನ್ನು ಎರಡು ಸಲ ಒತ್ತಿದಾಗ ಕಂಪ್ಯೂಟರು ಆ ಫೈಲಿನ ಹೆಸರಿನ ಕೊನೆಯನ್ನು ನೋಡುತ್ತದೆ. ಅಲ್ಲಿ ಒಂದು ಚುಕ್ಕೆ, ಚುಕ್ಕೆಯ ನಂತರ ಮೂರೋ ನಾಲ್ಕೋ ಇಂಗ್ಲಿಷ್ ಅಕ್ಷರಗಳು ಇರುತ್ತವೆ: ಜೆಪಿಜಿ, ಪಿಎನ್‌ಜಿ, ಬಿಎಂಪಿ ಎಂಬಂತೆ. ಇದಕ್ಕೆ ಎಕ್ಸ್‌ಟೆನ್ಷನ್ ಎಂದು ಹೆಸರು. ನಾವು ಹೆಸರಿನ ಬಾಲ ಎನ್ನೋಣ. ಯಾವ ಬಾಲದ ಫೈಲನ್ನು ಯಾವ ಪ್ರೋಗ್ರಾಮಿಗೆ ಒಪ್ಪಿಸಬೇಕೆಂಬ ಪಟ್ಟಿಯೊಂದು ವಿಂಡೋಸಿನಲ್ಲಿ ಸಿದ್ಧವಾಗಿರುತ್ತದೆ. ಪಟ್ಟಿಯಲ್ಲಿ ಹೀಗೆ ನೇಮಕವಾದ ಪ್ರೋಗ್ರಾಮನ್ನು 'ಡೀಫಾಲ್ಟ್' ಎನ್ನುತ್ತಾರೆ. ನಾವು ಬದಲಾಯಿಸುವುದು ಈ ಪಟ್ಟಿಯ ಒಂದು ಸಾಲನ್ನು ಮಾತ್ರ. ಫೋಟೋದ ಒಂದು ಚುಕ್ಕೆಯೂ ಇದರಿಂದ ಆಚೀಚೆಯಾಗದು. ಆದುದರಿಂದ ಹೆದರಬೇಕಾದ ಕಾರಣವಿಲ್ಲ.

ಈ ವಿಷಯ ತಿಳಿಯದೆ ಕೆಲವರು ಫೈಲಿನ ಹೆಸರಿನ ಬಾಲವನ್ನೇ ತಿದ್ದುತ್ತಾರೆ. ಜೋಳದ ಚೀಲದ ಮೇಲೆ ಭತ್ತ ಎಂದು ಬರೆದ ಮಾತ್ರಕ್ಕೆ ಒಳಗಿನ ಜೋಳ ಭತ್ತವಾಗುವುದುಂಟೆ? ಪ್ರತಿಯೊಂದು ಬಗೆಯ ಫೈಲಿನ ಮೊದಲಿಗೆ ಅದರದೇ ಮುದ್ರೆ ಇರುತ್ತದೆ. ಪಿಎನ್‌ಜಿ ಫೈಲಿನಲ್ಲಿ ಮೊದಲ ಗುರುತಾದ ಮೇಲೆ ಆ ಮೂರು ಅಕ್ಷರಗಳೇ ಬರುತ್ತವೆ. ಬಿಎಂಪಿ ಫೈಲು ಬಿ, ಎಂ ಎಂಬ ಅಕ್ಷರಗಳಿಂದಲೇ ಮೊದಲಾಗುತ್ತದೆ. ಮೇಲಿನ ಹೆಸರು ತಿದ್ದಿದರೆ ಈ ಮುದ್ರೆ ಬದಲಾಗುವುದಿಲ್ಲ, ಗೊಂದಲವೊಂದೇ ಹೆಚ್ಚುತ್ತದೆ.

ಹಾಗಾದರೆ ಚಿತ್ರ ನಿಜವಾಗಿ ಕೆಟ್ಟಿದೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ? ಫೈಲಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ 'ಪ್ರಾಪರ್ಟೀಸ್' ಎಂಬುದನ್ನು ತೆರೆದರೆ ಅದರ ಗಾತ್ರ ಕಾಣುತ್ತದೆ. ಗಾತ್ರ 0 ಎಂದಿದ್ದರೆ ಒಳಗೆ ಏನೂ ಇಲ್ಲವೆಂದೇ ಅರ್ಥ. ಗಾತ್ರ ಸರಿಯಾಗಿದ್ದರೆ ಅದೇ ಬಲಗುಂಡಿಯ ಪಟ್ಟಿಯಲ್ಲಿರುವ 'ಓಪನ್ ವಿತ್' ಎಂಬಲ್ಲಿ ಬೇರೊಂದು ಪ್ರೋಗ್ರಾಮನ್ನು ಆರಿಸಿ ನೋಡತಕ್ಕದ್ದು. ಅಂತರಜಾಲ ನೋಡಲು ಬಳಸುವ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ಗಳು ಕೂಡ ಜೆಪಿಜಿ ಮತ್ತು ಪಿಎನ್‌ಜಿ ಚಿತ್ರಗಳನ್ನು ತೆರೆಯಬಲ್ಲವು. ಅಲ್ಲಿ ಚಿತ್ರ ಸ್ಪಷ್ಟವಾಗಿ ಕಂಡರೆ ಫೈಲು ಕ್ಷೇಮವಾಗಿದೆ.

ಇನ್ನು ಅಪಾಯ ಇರುವುದೆಲ್ಲಿ ಎಂದರೆ, ಚಿತ್ರ ತೆರೆಯುವ ಕೆಲಸ ತಿದ್ದುವ ಪ್ರೋಗ್ರಾಮಿನ ಪಾಲಾದಾಗ. ವಿಂಡೋಸಿನ ಜೊತೆಯಲ್ಲೇ ಬರುವ 'ಪೇಂಟ್' ಎಂಬುದು ಮಕ್ಕಳಿಗೆ ಪ್ರಿಯವಾದ ಪ್ರೋಗ್ರಾಂ. ಯಾರೋ ಅವಸರದಲ್ಲಿ ಗುಂಡಿ ಒತ್ತಿ ಅದನ್ನೇ ಡೀಫಾಲ್ಟ್ ಮಾಡಿದ್ದಾರೆಂದು ಇಟ್ಟುಕೊಳ್ಳಿ. ಅಂದಿನಿಂದ ಪ್ರತಿಯೊಂದು ಫೋಟೋವೂ, ಪ್ರತಿಯೊಂದು ದಾಖಲೆಯೂ ಪೇಂಟಿನಲ್ಲಿಯೇ ತೆರೆಯುತ್ತದೆ. ನೋಡುವುದಕ್ಕೆ ತೊಂದರೆಯಿಲ್ಲ. ಆದರೆ ಯಾವುದೋ ಅರ್ಜಿಗೆ ಲಗತ್ತಿಸಲು ಹಿಸ್ಸಾ ನಕ್ಷೆಯ ಪ್ರತಿ ಚಿಕ್ಕದಾಗಿ ಬೇಕಾಯಿತು. ಮಗನು ಪೇಂಟಿನಲ್ಲಿ ಅದನ್ನು ಕಾಲುಭಾಗಕ್ಕೆ ಇಳಿಸಿ 'ಸೇವ್' ಒತ್ತಿದ. ಅಲ್ಲಿಗೆ ದೊಡ್ಡ ನಕ್ಷೆ ಹೋಯಿತು. ಉಳಿದದ್ದು ಚಿಕ್ಕದು ಮಾತ್ರ. ಮುಂದೊಂದು ದಿನ ಗಡಿಯ ಮಾತು ಬಂದಾಗ ಅದನ್ನು ಎಷ್ಟು ಹಿಗ್ಗಿಸಿದರೂ ಅಳತೆಯ ಅಂಕಿಗಳು ಮಸಿ ಹರಡಿದಂತೆ ಕಾಣುತ್ತವೆಯೇ ಹೊರತು ಓದಲು ಬರುವುದಿಲ್ಲ. ಪೇಂಟನ್ನು ಮುಚ್ಚಿದ ಮೇಲೆ 'ಅನ್‌ಡೂ' ಒತ್ತಿ ಹಿಂದಕ್ಕೆ ತರುವ ದಾರಿಯೂ ಇಲ್ಲ.

ಚಿಕ್ಕದು ಮಾಡದೆ ಬರಿದೆ ಸೇವ್ ಒತ್ತಿದರೂ ನಷ್ಟವುಂಟು. ಜೆಪಿಜಿ ಎಂಬುದು 1992ರಲ್ಲಿ ರೂಪುಗೊಂಡ ಪದ್ಧತಿ. ಚಿತ್ರದ ಗಾತ್ರವನ್ನು ಕುಗ್ಗಿಸುವ ಸಲುವಾಗಿ, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸೂಕ್ಷ್ಮ ವಿವರಗಳನ್ನು ಅದು ಬಿಟ್ಟುಬಿಡುತ್ತದೆ. ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದಂತೆಲ್ಲ ಇನ್ನಷ್ಟು ವಿವರ ಹೋಗಬಹುದು. ಮುಖದ ಫೋಟೋದಲ್ಲಿ ಇದು ತಿಳಿಯದೆ ಹೋದೀತು. ಸಣ್ಣ ಅಕ್ಷರದ ಹಳೆಯ ಪತ್ರದಲ್ಲಿ ತಿಳಿಯದೆ ಇರದು. 1996ರಲ್ಲಿ ಬಂದ ಪಿಎನ್‌ಜಿಯಲ್ಲಿ ಈ ಸವೆತವಿಲ್ಲ. ಆದ್ದರಿಂದ ಪತ್ರಗಳನ್ನು ಸ್ಕ್ಯಾನ್ ಮಾಡಿಸುವಾಗ ಪಿಎನ್‌ಜಿಯಲ್ಲಿ ಕೊಡಿರೆಂದು ಕೇಳುವುದು ಒಳ್ಳೆಯದು. ಅಂಗಡಿಯವರು ಮುಖ ಸಿಂಡರಿಸಿದರೂ ಚಿಂತೆಯಿಲ್ಲ.

ದಿನನಿತ್ಯ ಚಿತ್ರ ನೋಡುವ ಕೆಲಸಕ್ಕೆ ನೋಡುವ ಪ್ರೋಗ್ರಾಮನ್ನೇ ನೇಮಿಸಬೇಕು. ತಿದ್ದುವುದು ಬೇಕಾದಾಗ ಮಾತ್ರ ಪೇಂಟನ್ನು ಕರೆಯಬೇಕು. ಹಾಗೆ ತಿದ್ದಿದಾಗಲೂ 'ಸೇವ್' ಒತ್ತದೆ 'ಸೇವ್ ಆ್ಯಸ್' ಒತ್ತಿ ಬೇರೆ ಹೆಸರಿನಲ್ಲಿ ಇಡಬೇಕು. ನೋಡುವ ಪ್ರೋಗ್ರಾಮುಗಳಲ್ಲಿಯೂ ಕೆಲವು, ಚಿತ್ರವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದೊಡನೆ ಮೂಲ ಫೈಲಿನಲ್ಲಿಯೇ ಬರೆದುಬಿಡುತ್ತವೆ. ಹಾಗಾಗಿ ಮುಖ್ಯ ದಾಖಲೆಗಳ 'ಪ್ರಾಪರ್ಟೀಸ್' ತೆರೆದು 'ರೀಡ್ ಓನ್ಲಿ' ಎಂಬುದರ ಮುಂದೆ ಗುರುತು ಹಾಕಿಟ್ಟರೆ ಕೈತಪ್ಪಿನಿಂದ ಆಗುವ ಹಾನಿ ಕಡಮೆಯಾಗುತ್ತದೆ. ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇದ್ದರೆ ಇನ್ನೂ ಲೇಸು.

ಈಗ ಬದಲಾಯಿಸುವ ಕ್ರಮ. ಒಂದು ಚಿತ್ರದ ಫೈಲಿನ ಮೇಲೆ ಬಲಗುಂಡಿಯನ್ನು ಒತ್ತಿ 'ಓಪನ್ ವಿತ್' ಎಂಬಲ್ಲಿಗೆ ಹೋಗಿ 'ಚೂಸ್ ಅನದರ್ ಆ್ಯಪ್' ಎಂಬುದನ್ನು ಆರಿಸಬೇಕು. ಕಂಪ್ಯೂಟರಿನಲ್ಲಿರುವ ತಕ್ಕ ಪ್ರೋಗ್ರಾಮುಗಳ ಹೆಸರುಗಳು ಕಾಣುತ್ತವೆ. ಬೇಕಾದುದನ್ನು ಒತ್ತಿದ ಮೇಲೆ, ವಿಂಡೋಸ್ 11 ಇದ್ದರೆ ಕೆಳಗೆ 'ಆಲ್ವೇಸ್' ಮತ್ತು 'ಜಸ್ಟ್ ಒನ್ಸ್' ಎಂಬ ಎರಡು ಗುಂಡಿಗಳಿರುತ್ತವೆ. ಮೊದಲನೆಯದು ಯಾವಾಗಲೂ ಹೀಗೆಯೇ ಇರಲಿ ಎಂಬುದಕ್ಕೆ. ಎರಡನೆಯದು ಈ ಒಂದು ಸಲಕ್ಕೆ ಮಾತ್ರ. ವಿಂಡೋಸ್ 10ರಲ್ಲಿ ಗುಂಡಿಯ ಬದಲು 'ಆಲ್ವೇಸ್ ಯೂಸ್ ದಿಸ್ ಆ್ಯಪ್' ಎಂಬ ಸಾಲಿನ ಮುಂದೆ ಚಿಕ್ಕ ಚೌಕವಿರುತ್ತದೆ. ಅದರಲ್ಲಿ ಗುರುತು ಹಾಕಿ 'ಓಕೆ' ಒತ್ತಬೇಕು. ಮನೆಗಳಲ್ಲಿ ಆಗುವ ಎಡವಟ್ಟಿಗೆ ಅನೇಕ ವೇಳೆ ಈ ಚೌಕವೇ ಮೂಲ. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ಹೊಸ ಪ್ರೋಗ್ರಾಮುಗಳು ಯಜಮಾನನನ್ನು ಕೇಳದೆ ಈ ಸ್ಥಾನವನ್ನು ಸುಲಭವಾಗಿ ಹಿಡಿಯಲಾರವು.

ಒಂದು ಸಂಗತಿಯನ್ನು ಮಾತ್ರ ಮರೆಯಬಾರದು. ಮೇಲಿನಂತೆ ಮಾಡಿದ ಬದಲಾವಣೆ ಆ ಒಂದು ಬಾಲಕ್ಕೆ ಮಾತ್ರ ಅನ್ವಯಿಸುತ್ತದೆ. ಜೆಪಿಜಿಗೆ ಮಾಡಿದ್ದು ಪಿಎನ್‌ಜಿಗೆ ಸಲ್ಲದು. ಜೆಪಿಜಿ ಮತ್ತು ಜೆಪಿಇಜಿ ಒಂದೇ ಬಗೆಯ ಚಿತ್ರವಾದರೂ ಪಟ್ಟಿಯಲ್ಲಿ ಇವೆರಡೂ ಬೇರೆ ಬೇರೆ ಸಾಲುಗಳು. ಬದಲಾಯಿಸಿದರೂ ಕೆಲವು ಫೋಟೋಗಳು ಹಳೆಯ ರೀತಿಯಲ್ಲಿಯೇ ತೆರೆಯುತ್ತವಲ್ಲ ಎಂದು ಬೇಸರಪಡುವವರು ಇದನ್ನು ಗಮನಿಸಬೇಕು. ಎಲ್ಲ ಬಾಲಗಳನ್ನೂ ಒಂದೇ ಕಡೆ ನೋಡಬೇಕಾದರೆ 'ಸೆಟ್ಟಿಂಗ್ಸ್', ಅದರೊಳಗೆ 'ಆ್ಯಪ್ಸ್', ಅದರೊಳಗೆ 'ಡೀಫಾಲ್ಟ್ ಆ್ಯಪ್ಸ್' ಎಂಬಲ್ಲಿಗೆ ಹೋಗಬೇಕು. ವಿಂಡೋಸ್ 10ರಲ್ಲಿ ಅಲ್ಲಿ 'ಫೋಟೋ ವ್ಯೂವರ್' ಎಂಬ ಶೀರ್ಷಿಕೆಯೇ ಇದ್ದು, ಸಾಮಾನ್ಯ ಬಗೆಯ ಚಿತ್ರಗಳನ್ನೆಲ್ಲ ಒಟ್ಟಿಗೆ ಒಂದು ಪ್ರೋಗ್ರಾಮಿಗೆ ಒಪ್ಪಿಸಬಹುದು. ವಿಂಡೋಸ್ 11ರಲ್ಲಿ ಪ್ರೋಗ್ರಾಮಿನ ಹೆಸರನ್ನು ಆರಿಸಿ ಅದರ ಕೆಳಗಿನ ಬಾಲಗಳನ್ನು ಒಂದೊಂದಾಗಿ ಬದಲಾಯಿಸಬೇಕು. ಹಳೆಯ ಕ್ರಮವೇ ಅನುಕೂಲವಾಗಿತ್ತೆಂದು ಹೇಳದೆ ವಿಧಿಯಿಲ್ಲ.

ಯಾವ ಪ್ರೋಗ್ರಾಮನ್ನು ಆರಿಸಬೇಕು? ವಿಂಡೋಸಿನಲ್ಲೇ ಇರುವ 'ಫೋಟೋಸ್' ಹೆಚ್ಚಿನವರಿಗೆ ಸಾಕು. ಆದರೆ ಹಳೆಯ, ನಿಧಾನವಾದ ಕಂಪ್ಯೂಟರಿನಲ್ಲಿ ಅದು ಎದ್ದು ಬರಲು ಹೊತ್ತು ಹಿಡಿಯಬಹುದು. ವಿಂಡೋಸ್ 7ರಲ್ಲಿ ಇದ್ದ 'ವಿಂಡೋಸ್ ಫೋಟೋ ವ್ಯೂವರ್' ಬೇಗನೆ ತೆರೆಯುತ್ತಿತ್ತೆಂದು ನೆನೆಯುವವರು ಬಹಳ ಮಂದಿ. ಹೊಸ ವಿಂಡೋಸಿನಲ್ಲಿಯೂ ಅದು ಒಳಗೆ ಅಡಗಿದೆ. ಆದರೆ ಪಟ್ಟಿಯಲ್ಲಿ ಕಾಣಿಸಬೇಕಾದರೆ ರಿಜಿಸ್ಟ್ರಿ ಎಂಬ ಒಳಭಾಗವನ್ನು ತಿದ್ದಬೇಕು. ಬಲ್ಲವರ ಹೊರತು ಉಳಿದವರು ಅಲ್ಲಿ ಕೈಯಾಡಿಸಬಾರದು. ಇಷ್ಟು ಶ್ರಮಪಟ್ಟು ತಂದರೂ, ಕೆಲವು ಫೋನುಗಳ ಫೋಟೋವನ್ನು ತೆರೆಯುವಾಗ ಸಾಕಷ್ಟು ಮೆಮೊರಿ ಇಲ್ಲವೆಂಬ ಸೂಚನೆ ಕೊಟ್ಟು ಅದು ನಿಲ್ಲುವುದುಂಟು. ಮೆಮೊರಿ ಬೇಕಾದಷ್ಟಿದ್ದರೂ ಹೀಗಾಗಬಹುದು; ಫೋಟೋದೊಳಗಿನ ಬಣ್ಣದ ವಿವರಪಟ್ಟಿಯನ್ನು ಅದು ಸರಿಯಾಗಿ ನಿಭಾಯಿಸಲಾರದು, ಅಷ್ಟೆ. ಈ ಸೂಚನೆಯನ್ನು ನಂಬಿ ಹೊಸ ಮೆಮೊರಿ ಕೊಂಡರೆ ಹಣ ದಂಡ.

ಹಗುರವಾದುದು ಬೇಕೆನ್ನುವವರು 'ಇರ್ಫಾನ್‌ವ್ಯೂ' ಎಂಬುದನ್ನು ನೋಡಬಹುದು. ಬೋಸ್ನಿಯಾ ಮೂಲದ ಇರ್ಫಾನ್ ಶ್ಕಿಲ್ಯಾನ್ ಎಂಬುವರು ಇದನ್ನು 1996ರಲ್ಲಿ ಹೊರತಂದರು. ಮನೆಯ ಬಳಕೆಗೆ ಬೆಲೆಯಿಲ್ಲ. ವ್ಯಾಪಾರಕ್ಕೆ ಬಳಸುವವರು ಹಣ ಕೊಡಬೇಕು. ಚಿಕ್ಕ ಪ್ರೋಗ್ರಾಮಾದುದರಿಂದ ಹಳೆಯ ಯಂತ್ರದಲ್ಲಿಯೂ ಚುರುಕಾಗಿ ತೆರೆಯುತ್ತದೆ.

ಯಾವುದೇ ಪ್ರೋಗ್ರಾಮನ್ನು ಪಡೆಯುವಾಗಲೂ ಅದನ್ನು ಮಾಡಿದವರ ಸ್ವಂತ ತಾಣದಿಂದ ಅಥವಾ ಮೈಕ್ರೋಸಾಫ್ಟ್ ಸ್ಟೋರಿನಿಂದ ಮಾತ್ರ ಪಡೆಯತಕ್ಕದ್ದು. ಈ ಫೋಟೋ ನೋಡಲು ಇದನ್ನು ಹಾಕಿಕೊಳ್ಳಿ ಎಂದು ಯಾರಾದರೂ ಕಳುಹಿಸಿದರೆ ಅದನ್ನು ಮುಟ್ಟಬಾರದು. ವಿಂಡೋಸ್ ಸಾಮಾನ್ಯವಾಗಿ ತನಗೆ ಪರಿಚಿತವಾದ ಬಾಲಗಳನ್ನು ಮರೆಮಾಡಿರುತ್ತದೆ. ಇದನ್ನು ತಿಳಿದ ಮೋಸಗಾರರು ಫೈಲಿಗೆ ಜೆಪಿಜಿ ಎಂಬ ಹುಸಿಬಾಲವನ್ನು ಹಚ್ಚಿ ಅದರ ಹಿಂದೆ ಇಎಕ್ಸ್‌ಇ ಎಂಬ ನಿಜಬಾಲವನ್ನು ಇಟ್ಟಿರುತ್ತಾರೆ. ಕಣ್ಣಿಗೆ ಕಾಣುವುದು ಫೋಟೋ. ಒತ್ತಿದರೆ ಓಡುವುದು ಪ್ರೋಗ್ರಾಂ. ಫೋನಿನಲ್ಲಿ ಮದುವೆಯ ಕರೆಯೋಲೆಯ ಸೋಗಿನಲ್ಲಿ ಎಪಿಕೆ ಫೈಲು ಬರುವುದೂ ಇದೇ ಜಾತಿಯ ಮೋಸ. ಕಂಪ್ಯೂಟರಿನಲ್ಲಿ ಫೋಲ್ಡರನ್ನು ತೆರೆದು 'ವ್ಯೂ' ಎಂಬಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದಕ್ಕೆ ಗುರುತು ಹಾಕಿದರೆ ಬಾಲಗಳೆಲ್ಲ ಕಾಣತೊಡಗುತ್ತವೆ. (ವಿಂಡೋಸ್ 11ರಲ್ಲಿ ಇದು 'ವ್ಯೂ' ಒಳಗಿನ 'ಶೋ' ಎಂಬಲ್ಲಿದೆ.) ಇದೊಂದನ್ನು ಎಲ್ಲ ಮನೆಗಳಲ್ಲಿಯೂ ಮಾಡಿಡುವುದು ಮೇಲು.

ಐಫೋನಿನಿಂದ ಬಂದ ಫೋಟೋ ಯಾವ ಪ್ರೋಗ್ರಾಮಿನಲ್ಲಿಯೂ ತೆರೆಯುತ್ತಿಲ್ಲವೆಂದರೆ ಅದರ ಬಾಲ ಎಚ್‌ಇಐಸಿ ಎಂದಿದೆಯೇ ನೋಡಿ. ಆಪಲ್ ಕಂಪನಿಯವರು 2017ರಿಂದ ಈ ಬಗೆಯನ್ನು ಬಳಕೆಗೆ ತಂದರು. ಇಲ್ಲಿ ಡೀಫಾಲ್ಟ್ ಬದಲಾಯಿಸಿ ಪ್ರಯೋಜನವಾಗದೆ ಇರಬಹುದು. ಏಕೆಂದರೆ ಆ ಬಗೆಯನ್ನು ಬಿಡಿಸುವ ವಿದ್ಯೆಯೇ ಕಂಪ್ಯೂಟರಿನಲ್ಲಿ ಇಲ್ಲದಿದ್ದೀತು. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ 'ಹೀಫ್ ಇಮೇಜ್ ಎಕ್ಸ್‌ಟೆನ್ಷನ್ಸ್' ಎಂಬುದು ಬೆಲೆಯಿಲ್ಲದೆ ದೊರೆಯುತ್ತದೆ. ಅದರ ಜೊತೆಗೆ ಬೇಕಾಗಬಹುದಾದ 'ಎಚ್‌ಇವಿಸಿ' ಎಂಬ ಭಾಗಕ್ಕೆ ಅಲ್ಪ ಬೆಲೆಯುಂಟು. ಇದಕ್ಕಿಂತ ಸುಲಭವಾದ ಉಪಾಯವೆಂದರೆ ಫೋನಿನ 'ಸೆಟ್ಟಿಂಗ್ಸ್', 'ಕ್ಯಾಮೆರಾ', 'ಫಾರ್ಮ್ಯಾಟ್ಸ್' ಎಂಬಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಎಂಬುದನ್ನು ಆರಿಸುವುದು. ಅಲ್ಲಿಂದ ಮುಂದೆ ತೆಗೆದ ಫೋಟೋಗಳು ಜೆಪಿಜಿಯಲ್ಲಿಯೇ ಬರುತ್ತವೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಯಂತ್ರ ಕೊಳ್ಳಲಾಗದೆ ಹಳೆಯದಕ್ಕೆ ಲಿನಕ್ಸ್ ಮಿಂಟ್ ಹಾಕಿಸಿದವರೂ ಇದ್ದಾರೆ. ಅಂಥವರು ಚಿತ್ರದ ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆದು, 'ಓಪನ್ ವಿತ್' ಎಂಬಲ್ಲಿ ಬೇಕಾದ ಪ್ರೋಗ್ರಾಮನ್ನು ಆರಿಸಿ, 'ಸೆಟ್ ಆ್ಯಸ್ ಡೀಫಾಲ್ಟ್' ಒತ್ತಿದರೆ ಆಯಿತು. ಆರಿಸಿದ್ದು ಒಗ್ಗದಿದ್ದರೆ, ವಿಂಡೋಸಿನಲ್ಲಾಗಲಿ ಮಿಂಟಿನಲ್ಲಾಗಲಿ, ಅದೇ ಜಾಗಕ್ಕೆ ಹೋಗಿ ಹಳೆಯದನ್ನು ಮತ್ತೆ ನೇಮಿಸಬಹುದು. ಎಷ್ಟು ಸಲ ಬದಲಾಯಿಸಿದರೂ ಫೋಟೋಗಳು ಇದ್ದಲ್ಲಿ ಇದ್ದಂತೆಯೇ ಇರುತ್ತವೆ.